ಗಡಿ ಬಿಗಿಯಾಯಿತು, ಬಂದವರು ಅಲ್ಲೇ ಉಳಿದರು

ಅಮೆರಿಕದ ಚುನಾವಣೆ ಹತ್ತಿರ ಬಂದಾಗಲೆಲ್ಲ ‘ಹಿಸ್ಪಾನಿಕ್’, ಅಂದರೆ ಸ್ಪ್ಯಾನಿಷ್ ಮಾತಿನ ನಾಡುಗಳ ಮೂಲದವರು, ಎಂಬ ಪದ ಟೀವಿಯಲ್ಲಿ ಜಾಸ್ತಿ ಕೇಳಿಸುತ್ತದೆ. ಇವರೆಲ್ಲ ಮೊನ್ನೆ ಮೊನ್ನೆ ಬಂದವರು ಅನ್ನಿಸಬಹುದು. ಹಾಗೇನಿಲ್ಲ. 1848ರಲ್ಲಿ ಅಮೆರಿಕದೆದುರು ಯುದ್ಧ ಸೋತ ಮೆಕ್ಸಿಕೊ, ಕ್ಯಾಲಿಫೋರ್ನಿಯಾ ಸೇರಿ ದೊಡ್ಡ ನೆಲವನ್ನೇ ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕದಲಲಿಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. ಪೋರ್ಟೊರಿಕೊ ದ್ವೀಪದವರು 1917ರಿಂದಲೇ ಅಮೆರಿಕದ ಪೌರರು. 1959ರ ಕ್ರಾಂತಿಯ ನಂತರ ಕ್ಯೂಬಾದವರು ಮಯಾಮಿ ಸೇರಿದರು.

ಈಗಿನ ವಲಸೆಯ ಗೋಜಲಿನ ಬೇರು ಇರುವುದು 1942ರಲ್ಲಿ. ಅಮೆರಿಕದ ಗಂಡಸರು ಎರಡನೇ ಮಹಾಯುದ್ಧಕ್ಕೆ ಹೋಗಿದ್ದರು, ಹೊಲಕ್ಕೆ ಆಳಿಲ್ಲ. ಅಮೆರಿಕ, ಮೆಕ್ಸಿಕೊ ಎರಡೂ ಸರ್ಕಾರಗಳು ಮಾತಾಡಿಕೊಂಡು, ಮೆಕ್ಸಿಕೊದ ಆಳುಗಳನ್ನು ಒಪ್ಪಂದದ ಮೇಲೆ ಕರೆಸುವ ‘ಬ್ರಸೆರೊ’ ಯೋಜನೆ ತಂದವು. ಸ್ಪ್ಯಾನಿಷ್‌ನಲ್ಲಿ ಬ್ರಾಸೊ ಅಂದರೆ ತೋಳು. ಬೇಕಾಗಿದ್ದೂ ಅಷ್ಟೇ, ತೋಳು. 22 ವರ್ಷಗಳಲ್ಲಿ ಸುಮಾರು 46 ಲಕ್ಷ ಒಪ್ಪಂದಗಳಾದವು. ಒಬ್ಬನೇ ಹಲವು ಸಲ ಬಂದು ಹೋಗುತ್ತಿದ್ದ.

ಗಡಿಯಲ್ಲಿ ಬಟ್ಟೆ ಬಿಚ್ಚಿಸಿ ಮೈಮೇಲೆ ಡಿಡಿಟಿ ಎಂಬ ಕೀಟನಾಶಕದ ಪುಡಿ ಹೊಡೆಯುತ್ತಿದ್ದರು. ಹೊಲಕ್ಕಿಳಿದರೆ ಕೈಗೆ ‘ಎಲ್ ಕೊರ್ತಿತೊ’, ಅಂದರೆ ಗಿಡ್ಡ ಕಾವಿನ ಗುದ್ದಲಿ. ಕಾವು ಹೆಚ್ಚುಕಡಿಮೆ ಮೊಳದುದ್ದ. ಬೀಟ್, ಲೆಟ್ಯೂಸ್ ಸಾಲಿನಲ್ಲಿ ದಿನವಿಡೀ ಬಗ್ಗಿಯೇ ಇರಬೇಕು. ಯಾರಾದರೂ ಸೊಂಟ ನೆಟ್ಟಗೆ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಗೊತ್ತಾಗುತ್ತಿತ್ತು. ಕ್ಯಾಲಿಫೋರ್ನಿಯಾ ಈ ಗುದ್ದಲಿಯನ್ನು ನಿಷೇಧಿಸಿದ್ದು 1975ರಲ್ಲಿ. ಕಾವು ಉದ್ದವಾದ ಮೇಲೂ ಲೆಟ್ಯೂಸ್ ಬೆಳೆಯಿತು, ಅಲ್ವಾ? ಮೊದಲ ವರ್ಷಗಳಲ್ಲಿ ಕೂಲಿಯ ಶೇ. 10ರಷ್ಟನ್ನು ಹಿಡಿದುಕೊಂಡು, ಊರಿಗೆ ಹೋದ ಮೇಲೆ ಸಿಗುತ್ತದೆ ಅಂದಿದ್ದರು. ಬಹಳ ಜನಕ್ಕೆ ಸಿಗಲೇ ಇಲ್ಲ.

1964ಕ್ಕೆ ಯೋಜನೆ ನಿಂತಿತು. ಮರುವರ್ಷದ ಕಾನೂನು ಅಮೆರಿಕ ಖಂಡಗಳಿಂದ ಬರುವವರಿಗೂ ಮೊದಲ ಬಾರಿ ಮಿತಿ ಹಾಕಿತು, ವರ್ಷಕ್ಕೆ 1.2 ಲಕ್ಷ. ಅದೇ ಮನುಷ್ಯ, ಅದೇ ಹೊಲ, ಅದೇ ಸುಗ್ಗಿ. ಒಳಗೆ ಬಂದು ದುಡಿಯಲು ಅನುಮತಿಯ ಕಾಗದ ಮಾತ್ರ ಇಲ್ಲ.

1986ರ ಕಾನೂನಿನಿಂದ ಹಾಗೆ ಉಳಿದಿದ್ದ ಸುಮಾರು 27 ಲಕ್ಷ ಜನಕ್ಕೆ ಕಾಗದ ಸಿಕ್ಕಿತು. 90ರ ದಶಕದಲ್ಲಿ ಗಡಿಯಲ್ಲಿ ಬೇಲಿ, ಕಾವಲು ಹೆಚ್ಚಿದವು. ಇಲ್ಲೇ ಲೆಕ್ಕ ತಪ್ಪಿತು. ಅಲ್ಲಿಯತನಕ ಸುಗ್ಗಿ ಮುಗಿಸಿ ಊರಿಗೆ ಹೋಗುತ್ತಿದ್ದವರು, ಒಮ್ಮೆ ಹೋದರೆ ವಾಪಸ್ ಬರಲಾಗದೇನೋ ಅಂತ ಉಳಿದುಬಿಟ್ಟರು. ಹೆಂಡತಿ ಮಕ್ಕಳನ್ನೂ ಕರೆಸಿಕೊಂಡರು. ಹೊಲ ಬಿಟ್ಟು ಜಾರ್ಜಿಯಾದ ಡಾಲ್ಟನ್‌ನ ಕಾರ್ಪೆಟ್ ಮಿಲ್ಲುಗಳಿಗೆ, ಕ್ಯಾನ್ಸಸ್‌ನ ಗಾರ್ಡನ್ ಸಿಟಿಯ ಮಾಂಸದ ಕಾರ್ಖಾನೆಗಳಿಗೆ ಹೋದರು. 2000ರಲ್ಲಿ 3.5 ಕೋಟಿಯಿದ್ದ ಹಿಸ್ಪಾನಿಕ್ ಜನಸಂಖ್ಯೆ 2020ಕ್ಕೆ 6.2 ಕೋಟಿ ದಾಟಿತು. 2010ರ ದಶಕದ ಏರಿಕೆಯಲ್ಲಿ ವಲಸೆಗಿಂತ ಅಲ್ಲೇ ಹುಟ್ಟಿದ ಮಕ್ಕಳದ್ದೇ ಹೆಚ್ಚು ಪಾಲು.

ಇವರು ಬೇರೆಯವರೊಂದಿಗೆ ಬೆರೆಯುವುದೇ ಇಲ್ಲ ಎಂಬ ದೂರು ಹಳೆಯದು. ಮೂರನೇ ತಲೆಮಾರಿಗೆ ಬಂದರೆ ಹೆಚ್ಚಿನ ಮನೆಗಳಲ್ಲಿ ಇಂಗ್ಲಿಷೇ ಮಾತು. ಅಜ್ಜಿ ಸ್ಪ್ಯಾನಿಷ್‌ನಲ್ಲಿ ಕೇಳಿದರೆ ಮೊಮ್ಮಗ ಇಂಗ್ಲಿಷ್‌ನಲ್ಲಿ ಉತ್ತರ ಕೊಡುತ್ತಾನೆ. ಡಲ್ಲಾಸ್‌ನ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರೀನ್ ಕಾರ್ಡಿಗೆ ಕಾಯುವ ಸಂಕಟವನ್ನೂ ಹೇಳಬೇಕಿಲ್ಲ. ವರ್ಷದ ಗ್ರೀನ್ ಕಾರ್ಡುಗಳಲ್ಲಿ ದೇಶವೊಂದಕ್ಕೆ ಶೇ. 7 ಎಂಬ ಮಿತಿ ನಮ್ಮ ಎಂಜಿನಿಯರನನ್ನೂ, ಅಮೆರಿಕದಲ್ಲಿರುವ ಅಣ್ಣನನ್ನು ಸೇರಲು ಕಾಯುವ ಮೆಕ್ಸಿಕೊದ ತಮ್ಮನನ್ನೂ ಒಂದೇ ಥರ ಕಾಯಿಸುತ್ತದೆ. ಆ ತಮ್ಮನ ಸರದಿ ಬರಲು 20 ವರ್ಷವೂ ಸಾಲುವುದಿಲ್ಲ.

ಚಿಕ್ಕಂದಿನಲ್ಲೇ ಕಾಗದವಿಲ್ಲದೆ ಬಂದ ಮಕ್ಕಳಿಗೆ 2012ರಲ್ಲಿ ‘ಡಾಕಾ’ ಎಂಬ ತಾತ್ಕಾಲಿಕ ರಕ್ಷಣೆ ಸಿಕ್ಕಿತು. ಅವರಲ್ಲಿ ಹಿರಿಯರಿಗೆ ಈಗ 40 ದಾಟಿದೆ. ಎರಡು ವರ್ಷಕ್ಕೊಮ್ಮೆ ಫಾರಂ ತುಂಬಿ, ಶುಲ್ಕ ಕಟ್ಟಿ, ಇನ್ನೂ ನವೀಕರಿಸುತ್ತಲೇ ಇದ್ದಾರೆ.