ಕೆನ್ನೆಗೆ ಇಂಪ್ಲಾಂಟ್: ಪರೀಕ್ಷೆ ಬಾಯಿಯಿಂದ ಶುರುವಾಗಲಿ

ಕೆನ್ನೆ ಚಪ್ಪಟೆಯಾಗಿದೆ, ಇಂಪ್ಲಾಂಟ್ (ಕೆನ್ನೆಯ ಮೂಳೆಯ ಮೇಲೆ ಕೂರಿಸುವ ಕೃತಕ ತುಂಡು) ಹಾಕಿಸಬಹುದೇ ಎಂದು ಕೇಳುವವರು ಮುಖದ ಫೋಟೊ ತೋರಿಸುತ್ತಾರೆ. ಸರ್ಜನ್ ಮೊದಲು ನೋಡಬೇಕಾದ್ದು ಬಾಯಿ. ಹೊರಗೆ ಕಲೆ ಬೀಳದಿರಲೆಂದು ಈ ಶಸ್ತ್ರಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಾಯಿಯೊಳಗೇ ಕೊಯ್ಯುತ್ತಾರೆ. ಹುಳುಕು ಹಲ್ಲು, ರಕ್ತ ಒಸರುವ ವಸಡು ಇಟ್ಟುಕೊಂಡು ಅದೇ ದಾರಿಯಲ್ಲಿ ಇಂಪ್ಲಾಂಟ್ ಒಳಗೆ ಸೇರಿಸಿದರೆ ಸೋಂಕನ್ನೂ ಜೊತೆಗೇ ಕಳಿಸಿದಂತೆ.

ಕಚ್ಚಿದಾಗ ಕೆಳಗಿನ ಮುಂಹಲ್ಲುಗಳು ಮೇಲಿನವುಗಳಿಗಿಂತ ಮುಂದೆ ಬರುತ್ತವೆಯೇ? ಹಾಗಿದ್ದರೆ ಕೊರತೆ ಕೆನ್ನೆಯದ್ದಲ್ಲದೆ ಹಿಂದೆ ಸರಿದ ಮೇಲ್ದವಡೆಯದ್ದೂ ಇರಬಹುದು. ಅಂಥ ಮುಖಕ್ಕೆ ಇಂಪ್ಲಾಂಟ್ ಹಾಕಿದರೆ ಕೆನ್ನೆ ಉಬ್ಬುತ್ತದೆ, ಮೂಗಿನ ಪಕ್ಕದ ತಗ್ಗು ಹಾಗೇ ಉಳಿಯುತ್ತದೆ. ಅದಕ್ಕೆ ಹಲ್ಲಿನ ಕ್ಲಿಪ್ ಮತ್ತು ದವಡೆಯ ಶಸ್ತ್ರಚಿಕಿತ್ಸೆಯೇ ಸರಿಯಾದ ದಾರಿ.

ಅಡಿಕೆ ಬೆಳೆಯುವ ನಮ್ಮ ಜಿಲ್ಲೆಗಳಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಎಲೆಯಡಿಕೆ, ಗುಟ್ಕಾ ಜಗಿಯುವವರಲ್ಲಿ ಕೆನ್ನೆಯ ಒಳಪದರ ಬಿಳಿಚಿ, ಗಟ್ಟಿಯಾಗಿ, ಬಾಯಿ ತೆರೆಯುವುದು ಕಡಿಮೆಯಾಗುತ್ತಾ ಹೋಗಬಹುದು. ನಿಮ್ಮದೇ ಮೂರು ಬೆರಳು ಒಂದರ ಮೇಲೊಂದಾಗಿ ಮುಂಹಲ್ಲುಗಳ ನಡುವೆ ಹಿಡಿಸದಿದ್ದರೆ ಅದನ್ನು ವೈದ್ಯರಿಗೆ ತಿಳಿಸಿ. ಸರ್ಜನ್‌ಗೆ ಕೈಯಾಡಿಸಲು ಜಾಗ ಸಾಲದು, ಅರಿವಳಿಕೆ ತಜ್ಞರಿಗೆ ಉಸಿರಿನ ನಳಿಕೆ ಇಳಿಸುವುದು ಕಷ್ಟ. ಎಲ್ಲಕ್ಕಿಂತ ಮುಖ್ಯವಾಗಿ, ಇದು ಕ್ಯಾನ್ಸರ್‌ಗೆ ತಿರುಗಬಲ್ಲ ಸ್ಥಿತಿ. ಚಿಕಿತ್ಸೆ ಅದಕ್ಕೆ ಮೊದಲು, ಚೆಂದದ ಮಾತು ಆಮೇಲೆ.

ಶಸ್ತ್ರಚಿಕಿತ್ಸೆ ಎರಡೂ ಕಡೆ ಸೇರಿ ಒಂದರಿಂದ ಒಂದೂವರೆ ಗಂಟೆಯ ಕೆಲಸ. ತುಟಿ ಎತ್ತಿ, ಕೋರೆಹಲ್ಲಿನ ಮೇಲೆ ವಸಡು ಕೆನ್ನೆಗೆ ಸೇರುವ ಮಡಿಕೆಯಲ್ಲಿ ಒಂದೆರಡು ಸೆಂ.ಮೀ. ಕೊಯ್ಯುತ್ತಾರೆ. ವಸಡಿನ ಕಡೆ ಅರ್ಧ ಸೆಂ.ಮೀ.ನಷ್ಟಾದರೂ ಮೆದು ಅಂಚು ಉಳಿಸಿಕೊಳ್ಳಬೇಕು, ಇಲ್ಲದಿದ್ದರೆ ಹೊಲಿಗೆಗೆ ಹಿಡಿತ ಸಿಗದೆ ಗಾಯ ಬಿಟ್ಟುಕೊಳ್ಳುತ್ತದೆ. ಮೂಳೆಗೆ ಅಂಟಿದ ಪೊರೆಯನ್ನು ಎಬ್ಬಿಸಿ, ಅದರಡಿ ಇಂಪ್ಲಾಂಟ್ ಕೂರುವಷ್ಟೇ ಜಾಗ ಮಾಡುತ್ತಾರೆ. ಜಾಗ ಹೆಚ್ಚಾದರೆ ಅದು ಜರುಗುತ್ತದೆ, ಕಡಿಮೆಯಾದರೆ ಅಂಚು ಮಡಚಿ ಚರ್ಮದಡಿ ಕೈಗೆ ಸಿಗುತ್ತದೆ. ಜರುಗದಂತೆ ಟೈಟಾನಿಯಂ ಸ್ಕ್ರೂ ಹಾಕುವುದುಂಟು. ಕಣ್ಣುಗುಳಿಯ ಕೆಳ ಅಂಚಿನಿಂದ ಸುಮಾರು 1 ಸೆಂ.ಮೀ. ಕೆಳಗೆ ಹೊರಬರುವ ನರವನ್ನು ಜಗ್ಗಿದರೆ ಮೇಲ್ದುಟಿ, ಮೂಗಿನ ಪಕ್ಕ, ಕೆನ್ನೆ ಮರಗಟ್ಟುತ್ತವೆ. ಹೆಚ್ಚಿನವರಿಗೆ ಕೆಲವು ವಾರ ಅಥವಾ ತಿಂಗಳುಗಳಲ್ಲಿ ಸ್ಪರ್ಶ ಮರಳುತ್ತದೆ, ಅಪರೂಪಕ್ಕೆ ಶಾಶ್ವತವಾಗಿ ಉಳಿಯಬಹುದು.

ಇಂಪ್ಲಾಂಟ್‌ಗಳಲ್ಲಿ ಗಟ್ಟಿ ಸಿಲಿಕೋನಿನದು ನುಣುಪು. ದೇಹ ಅದರ ಸುತ್ತ ಪೊರೆ ಕಟ್ಟುತ್ತದೆ, ಒಳಗೆ ಬೆಳೆಯುವುದಿಲ್ಲ, ಹಾಗಾಗಿ ಬೇಡವೆನಿಸಿದರೆ ತೆಗೆಯುವುದು ಸುಲಭ. ರಂಧ್ರಗಳಿರುವ ಪಾಲಿಎಥಿಲೀನ್‌ನೊಳಗೆ ಅಂಗಾಂಶ ಬೆಳೆದು ಗಟ್ಟಿ ಹಿಡಿಯುತ್ತದೆ, ತೆಗೆಯುವಾಗ ಕಿತ್ತು ತೆಗೆಯಬೇಕಾಗುತ್ತದೆ. ಮನಸ್ಸು ಪೂರ್ತಿ ಗಟ್ಟಿಯಾಗದವರಿಗೆ ಎರಡನೆಯದನ್ನು ನಾವು ಹೇಳುವುದಿಲ್ಲ. ಇಂಪ್ಲಾಂಟ್ ಬದಲು ಹಯಾಲುರಾನಿಕ್ ಆಸಿಡ್ ಫಿಲ್ಲರ್ (ಸೂಜಿಯಿಂದ ತುಂಬುವ ಜೆಲ್) ಹಾಕಿಸಿ ಒಂದು ವರ್ಷ ನೋಡುವುದೂ ಒಂದು ದಾರಿ, ಬೇಡವಾದರೆ ಇಂಜೆಕ್ಷನ್‌ನಲ್ಲಿ ಕರಗಿಸಬಹುದು. ಆದರೆ ರಕ್ತನಾಳಕ್ಕೆ ಹೊಕ್ಕರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಬ್ಯೂಟಿ ಪಾರ್ಲರ್‌ನಲ್ಲಿ ಹಾಕಿಸುವ ವಸ್ತುವಲ್ಲ.

ಮೊದಲ ವಾರ ಉಗುರುಬೆಚ್ಚಗಿನ ಕುಚ್ಚಲಕ್ಕಿ ಗಂಜಿ, ಮಜ್ಜಿಗೆ ಸಾಕು. ಕೋರಿರೊಟ್ಟಿ, ಮುಳ್ಳಿನ ಮೀನು, ಖಾರದ ಗಸಿ ಬೇಡ. ಪ್ರತಿ ಊಟದ ಬಳಿಕ ವೈದ್ಯರು ಬರೆದ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿ, ತಲೆ ಎತ್ತರಿಸಿ ಅಂಗಾತ ಮಲಗಿ. ನಗು ಬಿಗಿದಂತಿರುವುದು, ಎರಡು ಕೆನ್ನೆಯ ಬಾವು ಸಮನಾಗಿಲ್ಲದಿರುವುದು ಸಹಜ. ಮೂರು ತಿಂಗಳಿಗೆ ಮುಂಚೆ ಆಕಾರದ ತೀರ್ಪು ಬೇಡ. ಆದರೆ ಒಂದೇ ಕಡೆ ಥಟ್ಟನೆ ಊದಿಕೊಂಡರೆ, ದೃಷ್ಟಿ ಮಸುಕಾದರೆ ಅದೇ ಗಂಟೆಯಲ್ಲಿ ಆಸ್ಪತ್ರೆಗೆ ಹೋಗಿ. ಇಳಿದ ಬಾವು ಜ್ವರ, ಕೀವಿನೊಂದಿಗೆ ಮತ್ತೆ ಏರಿದರೂ ತಡಮಾಡಬಾರದು. ಇಂಪ್ಲಾಂಟ್ ಮೇಲೆ ರೋಗಾಣುಗಳು ಪದರ ಕಟ್ಟಿಕೊಂಡರೆ ಮಾತ್ರೆ ಸಾಲದು, ಹೆಚ್ಚಾಗಿ ಅದನ್ನು ತೆಗೆದು, ಕೆಲವು ತಿಂಗಳು ಕಾದು ಹೊಸದು ಹಾಕಬೇಕಾಗುತ್ತದೆ.

ಗಲ್ಫ್‌ನಿಂದ ಒಂದು ತಿಂಗಳ ರಜೆಗೆ ಬಂದವರು ರಜೆಯ ಕೊನೆಯ ವಾರಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಇಳಿದಾಗಲೇ ಹಲ್ಲು ತೋರಿಸಿ, ಗಾಯ ಮಾಗಿದ್ದನ್ನು ಅದೇ ಸರ್ಜನ್ ನೋಡುವಷ್ಟು ದಿನ ಉಳಿಸಿಕೊಳ್ಳಿ. ಕಂಪನಿ, ಅಳತೆ, ಲಾಟ್ ನಂಬರ್ ಇರುವ ಇಂಪ್ಲಾಂಟ್ ಸ್ಟಿಕ್ಕರ್ ಕೇಳಿ ಪಡೆದು, ಅದರ ಪ್ರತಿಯನ್ನು ಜೊತೆಗೊಯ್ಯಿರಿ. ಅಲ್ಲಿ ತೊಂದರೆಯಾದರೆ ಅಲ್ಲಿನ ವೈದ್ಯರು ಮೊದಲು ಕೇಳುವುದು ಅದನ್ನೇ.