ಮ್ಯಾಮೊಗ್ರಾಮ್‌ನಲ್ಲಿ ಕಂಡ ಚುಕ್ಕಿ ಸ್ಲೈಡ್‌ನಲ್ಲಿ ಎಲ್ಲಿ ಹೋಯಿತು?

ಸ್ತನದ ಬಯಾಪ್ಸಿ ರಿಪೋರ್ಟ್ ಯಾಕೆ ಇಷ್ಟು ತಡ ಅಂತ ಮನೆಯವರು ನಮ್ಮ ಪೆಥಾಲಜಿ ಲ್ಯಾಬ್‌ಗೆ ಬಂದು ಕೇಳುತ್ತಾರೆ. ಕೇಳಬೇಕಾದ್ದೇ. ಆ ದಿನಗಳು ಎಷ್ಟು ಕಷ್ಟ ಅಂತ ನನಗೆ ಗೊತ್ತು. ಆದರೆ ಕೆಲವು ಸಲ ನಾವು ಒಂದು ಬಿಳಿ ಚುಕ್ಕಿಯನ್ನು ಹುಡುಕುತ್ತಾ ಕೂತಿರುತ್ತೇವೆ.

ಮ್ಯಾಮೊಗ್ರಾಮ್‌ನಲ್ಲಿ, ಅಂದರೆ ಸ್ತನದ ಎಕ್ಸ್‌ರೇಯಲ್ಲಿ, ಉಪ್ಪಿನ ಹರಳು ಚೆಲ್ಲಿದ ಹಾಗೆ ಕಾಣುವ ಆ ಚುಕ್ಕಿಗಳು ಕ್ಯಾಲ್ಸಿಯಂ. ಬಹಳಷ್ಟು ಸಲ ಅದರಿಂದ ತೊಂದರೆ ಇಲ್ಲ. ಆದರೆ ಹಾಲಿನ ನಾಳದೊಳಗೇ ಇರುವ ಆರಂಭದ ಕ್ಯಾನ್ಸರ್, ಅಂದರೆ ಡಿಸಿಐಎಸ್, ಎಷ್ಟೋ ಸಲ ಕೈಗೆ ಗಂಟಾಗಿ ಸಿಗುವುದೇ ಇಲ್ಲ, ಈ ಚುಕ್ಕಿಗಳೇ ಅದರ ಸುಳಿವು. ಅದಕ್ಕೇ ಸೂಜಿಯಿಂದ ತೆಗೆದ ತುಣುಕುಗಳಿಗೆ ಅಲ್ಲೇ ಮತ್ತೊಂದು ಎಕ್ಸ್‌ರೇ ಮಾಡುತ್ತಾರೆ. ಚುಕ್ಕಿ ತುಣುಕಿನೊಳಗೆ ಬಂದಿದೆಯಾ ಅಂತ ತಿಳಿಯಬೇಕಲ್ವಾ?

ಒಮ್ಮೆ ಆ ಎಕ್ಸ್‌ರೇಯಲ್ಲಿ ಚುಕ್ಕಿ ಇತ್ತು, ತುಣುಕನ್ನು ತೆಳ್ಳಗೆ ಕತ್ತರಿಸಿ ಗಾಜಿನ ಮೇಲಿಟ್ಟು ಮೈಕ್ರೋಸ್ಕೋಪ್‌ನಲ್ಲಿ ನೋಡುವ ನನ್ನ ಸ್ಲೈಡ್‌ನಲ್ಲಿ ಇರಲಿಲ್ಲ. 'ಕ್ಯಾನ್ಸರ್ ಇಲ್ಲ' ಅಂತ ಬರೆದು ಕಳಿಸಬಹುದಿತ್ತು. ಕಳಿಸಲಿಲ್ಲ. ಮೊದಲು ಪೋಲರೈಸ್ಡ್ ಬೆಳಕಿನಲ್ಲಿ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕು) ನೋಡಿದೆ. ಯಾಕೆಂದರೆ ಕ್ಯಾಲ್ಸಿಯಂ ಫಾಸ್ಫೇಟ್ ನಾವು ಸ್ಲೈಡ್‌ಗೆ ಹಾಕುವ ಬಣ್ಣದಲ್ಲಿ ನೇರಳೆಯಾಗಿ ಎದ್ದು ಕಾಣುತ್ತದೆ, ಕ್ಯಾಲ್ಸಿಯಂ ಆಕ್ಸಲೇಟ್ ಬಣ್ಣವನ್ನೇ ಹೀರುವುದಿಲ್ಲ, ಈ ಬೆಳಕು ಬಿದ್ದರೆ ಮಾತ್ರ ಫಳಫಳ ಹೊಳೆಯುತ್ತದೆ. ಅಲ್ಲೂ ಇರಲಿಲ್ಲ. ಕೊನೆಗೆ ತುಣುಕುಗಳನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೇ ಎಕ್ಸ್‌ರೇ ಕೆಳಗೆ ಇಟ್ಟೆವು. ಒಂದು ಬ್ಲಾಕ್‌ನ ಆಳದಲ್ಲಿ ಚುಕ್ಕಿಗಳು ಕೂತಿದ್ದವು. ಆಳಕ್ಕೆ ಕತ್ತರಿಸುತ್ತಾ ಹೋದಾಗ ಅದೇ ಜಾಗದಲ್ಲಿ ಡಿಸಿಐಎಸ್ ಸಿಕ್ಕಿತು.

ಲೆಕ್ಕ ಹಾಕಿ ನೋಡಿ. ಒಂದು ಸ್ಲೈಸ್ ಸುಮಾರು 4 ಮೈಕ್ರಾನ್ ದಪ್ಪ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿ.ಮೀ.). ಬರೀ 2 ಮಿ.ಮೀ. ದಪ್ಪದ ತುಣುಕಿನಲ್ಲೂ ಅಂಥ 500 ಸ್ಲೈಸ್ ಇರುತ್ತವೆ, ನಾವು ನೋಡುವುದು ಕೆಲವನ್ನಷ್ಟೇ. ಇನ್ನೊಂದು ಮೋಸವೂ ಇದೆ: ಮ್ಯಾಮೊಗ್ರಾಮ್‌ಗೆ ಕಾಣಬೇಕಾದರೆ ಚುಕ್ಕಿ ಹೆಚ್ಚುಕಡಿಮೆ 100 ಮೈಕ್ರಾನ್ ಇರಬೇಕು. ಸ್ಲೈಡ್‌ನಲ್ಲಿ ಅದಕ್ಕಿಂತ ತೀರಾ ಸಣ್ಣ ಕಣ ಸಿಕ್ಕಿತು ಅಂತ ಹುಡುಕಾಟ ನಿಲ್ಲಿಸಬಾರದು.

ಎಕ್ಸ್‌ರೇ 'ಎಲ್ಲಿ' ಅಂತ ತೋರಿಸುತ್ತದೆ, 'ಏನು' ಅಂತ ಹೇಳುವುದು ಮೈಕ್ರೋಸ್ಕೋಪ್. ಅಲ್ಟ್ರಾಸೌಂಡ್ ಗಂಟಿಗೆ ಒಳ್ಳೆಯದು, ಸಣ್ಣ ಕ್ಯಾಲ್ಸಿಯಂಗೆ ಅದನ್ನು ನಂಬಿ ಕೂರುವಂತಿಲ್ಲ. ಇಂಥ ಸಣ್ಣ ತುಣುಕಿಗೆ ಫ್ರೋಜನ್ ಸೆಕ್ಷನ್, ಅಂದರೆ ಹೆಪ್ಪುಗಟ್ಟಿಸಿ ತಕ್ಷಣ ಕತ್ತರಿಸಿ ನೋಡುವ ಪರೀಕ್ಷೆ, ಕೇಳಿದರೆ ನಾನು ಬೇಡ ಎನ್ನುತ್ತೇನೆ. ಸ್ತನದಲ್ಲಿ ಕೊಬ್ಬು ಜಾಸ್ತಿ, ಅದು ಸರಿಯಾಗಿ ಗಟ್ಟಿಯಾಗದೆ ಸ್ಲೈಸ್ ಹರಿಯುತ್ತದೆ, ಇರುವ ಚೂರೂ ಸುಮ್ನೆ ಹಾಳಾಗುತ್ತದೆ.

ಹೊಸದಾಗಿ ಬೆಳಕಿನಿಂದ ತುಣುಕಿನ ಒಳಗನ್ನು ನೋಡುವ ಓಸಿಟಿ (ಆಪ್ಟಿಕಲ್ ಕೊಹೆರೆನ್ಸ್ ಟೊಮೊಗ್ರಫಿ) ಬಂದಿದೆ. ಕತ್ತರಿಸದೆಯೇ 1ರಿಂದ 2 ಮಿ.ಮೀ. ಆಳ ನೋಡುತ್ತದೆ, ಆದರೆ ಜೀವಕೋಶದ ನ್ಯೂಕ್ಲಿಯಸ್ ಅಷ್ಟು ಸ್ಪಷ್ಟ ಕಾಣುವುದಿಲ್ಲ. ಒಂದೊಂದೇ ತೆಳು ಪದರ ನೋಡುವ ಕಾನ್‌ಫೋಕಲ್ ಮೈಕ್ರೋಸ್ಕೋಪ್‌ನಲ್ಲಿ ನ್ಯೂಕ್ಲಿಯಸ್ ಕಾಣುತ್ತದೆ, ಆಳ ಕಾಣುವುದಿಲ್ಲ. ಆಪರೇಷನ್ ನಡೆಯುವಾಗಲೇ ತೆಗೆದ ಭಾಗದ ಅಂಚಿನಲ್ಲಿ ಕ್ಯಾನ್ಸರ್ ಇದೆಯಾ ಅಂತ ನೋಡಲು ಇವು ನೆರವಾಗಬಹುದು, ಕೊನೆಯ ರಿಪೋರ್ಟ್‌ಗೆ ನನಗೆ ಸ್ಲೈಡ್ ಬೇಕೇ ಬೇಕು.

ಸ್ಯಾಂಪಲ್ ಕಳಿಸುವ ಡಾಕ್ಟರ್‌ಗಳಲ್ಲಿ ಒಂದು ಕೋರಿಕೆ. ಕ್ಯಾಲ್ಸಿಯಂ ಇರುವ ತುಣುಕನ್ನು ಬೇರೆ ಬಾಟಲಿಯಲ್ಲಿ ಹಾಕಿ, ಎಕ್ಸ್‌ರೇ ಚಿತ್ರವನ್ನೂ ಜೊತೆಗೆ ಕಳಿಸಿ. ಚುಕ್ಕಿಗಾಗಿ ಬಯಾಪ್ಸಿ ಮಾಡಿಸಿಕೊಂಡವರು ರಿಪೋರ್ಟ್ ಕೈಗೆ ಬಂದಾಗ ಕೇಳಿ: "ನನ್ನ ಮ್ಯಾಮೊಗ್ರಾಮ್‌ನಲ್ಲಿ ಇದ್ದ ಕ್ಯಾಲ್ಸಿಯಂ ಸ್ಲೈಡ್‌ನಲ್ಲಿ ಸಿಕ್ಕಿತಾ?"