ಸೊಪ್ಪು-ಬೇರು ತಾನೇ, ಏನಾಗುತ್ತೆ?

ಕಾಫಿ ಕೊಯ್ಲು ಮುಗಿದ ಮೇಲೆ ಮೂಡಿಗೆರೆ ಕಡೆಯ ಪರಿಚಿತರೊಬ್ಬರು ಸಿಕ್ಕಿದ್ದರು. ಬೆಳೆಗಾರರು, ಐವತ್ತರ ಹತ್ತಿರ. ಒಂದು ವರ್ಷದಿಂದ ಅವರ ಮನಸ್ಸು ಸರಿಯಿರಲಿಲ್ಲ. ಡಾಕ್ಟರ್ ಕೊಟ್ಟ ಮಾತ್ರೆಯಲ್ಲಿ ನಿದ್ದೆ ಬಂತು, ತಲೆ ಹಗುರಾಯಿತು. ಆದರೆ 'ಆ ಕಡೆ' ಆಸೆಯೇ ಹೋಯಿತು. ಹೆಂಡತಿಗೂ ಹೇಳಲಿಲ್ಲ, ಡಾಕ್ಟರಿಗೂ ಹೇಳಲಿಲ್ಲ. ಮಾತ್ರೆ ಬಿಟ್ಟು ಆನ್‌ಲೈನಿನಲ್ಲಿ ಗಿಡಮೂಲಿಕೆಯ ಡಬ್ಬಿ ತರಿಸಿಕೊಂಡರು.

"ಸೊಪ್ಪು-ಬೇರು ತಾನೇ ಮಾರಾಯ್ರೆ, ಏನಾಗುತ್ತೆ ಅಂದ್ಕೊಂಡೆ" ಎಂದರು. ಆಮೇಲೆ ದನಿ ತಗ್ಗಿಸಿ, "ಇದ್ರಲ್ಲೂ ಹಂಗೇ ಆಗ್ತಿದೆಯಲ್ಲ?"

ಡಬ್ಬಿ ತಿರುಗಿಸಿ ನೋಡಿದೆ. ಸೇಂಟ್ ಜಾನ್ಸ್ ವರ್ಟ್. ಯುರೋಪಿನ ಹಳದಿ ಹೂವಿನ ಗಿಡ. ಜೂನ್ 24ರ ಸಂತ ಜಾನ್ ಹಬ್ಬದ ಹೊತ್ತಿಗೆ ಅರಳುತ್ತದೆ, ಅದಕ್ಕೇ ಆ ಹೆಸರು. ಎಲೆಯನ್ನು ಬೆಳಕಿಗೆ ಹಿಡಿದರೆ ಸೂಜಿಯಲ್ಲಿ ಚುಚ್ಚಿದ ಹಾಗೆ ಚುಕ್ಕಿಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು. ಮೊಗ್ಗು ಹಿಸುಕಿದರೆ ಬೆರಳು ಕೆಂಪಾಗುತ್ತದೆ. ಇದರ ದಾಯಾದಿಯೊಂದು ನಮ್ಮ ಘಟ್ಟದಲ್ಲೂ ಇದೆ: ಹೈಪೆರಿಕಮ್ ಮೈಸೂರೆನ್ಸ್. ಎತ್ತರದ ಗುಡ್ಡಗಳ ಪೊದೆ, ಅದೇ ಐದೆಸಳಿನ ಹಳದಿ ಹೂವು. ಹಾಗಂತ ಗಿರಿಗೆ ಹೋದಾಗ ಕಿತ್ತು ತಂದು ಕಷಾಯ ಮಾಡಬೇಡಿ. ದಾಯಾದಿಗಳ ಗುಣ ಒಂದೇ ಇರುತ್ತೆ ಅನ್ನೋದು ಮನೆಯಲ್ಲೂ ಸುಳ್ಳು, ಕಾಡಿನಲ್ಲೂ ಸುಳ್ಳು.

ಸೇಂಟ್ ಜಾನ್ಸ್ ವರ್ಟ್ ಬರೀ ನಂಬಿಕೆಯ ಮದ್ದಲ್ಲ. 2008ರಲ್ಲಿ, ಔಷಧಿಗಳ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯವರು 29 ಪ್ರಯೋಗಗಳನ್ನು, ಸುಮಾರು 5,500 ರೋಗಿಗಳ ಲೆಕ್ಕವನ್ನು ಒಟ್ಟಿಗೆ ಇಟ್ಟು ನೋಡಿದರು. ಖಿನ್ನತೆಗೆ ಮಾಮೂಲಿ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ, ಸೈಡ್ ಎಫೆಕ್ಟ್ ಕಡಿಮೆ ಎಂದು ಕಂಡಿತು. ಜರ್ಮನ್ ಮಾತಾಡುವ ದೇಶಗಳ ಪ್ರಯೋಗಗಳಲ್ಲಿ ಮಾತ್ರ ಫಲಿತಾಂಶ ಯಾಕೋ ಜಾಸ್ತಿ ಚೆನ್ನಾಗಿತ್ತು. ಅಲ್ಲಿನವರಿಗೆ ಈ ಗಿಡದ ಮೇಲೆ ಹಳೇ ಪ್ರೀತಿ.

ಕಡಿಮೆ ಅಂದರೆ ಇಲ್ಲ ಅಂತ ಅಲ್ಲ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಮುಟ್ಟಿಸಲು ಸೆರೊಟೋನಿನ್ ಬಿಡುತ್ತದೆ, ಆಮೇಲೆ ಅದನ್ನು ವಾಪಸ್ ಎಳೆದುಕೊಳ್ಳುತ್ತದೆ. ಈ ಗಿಡದಲ್ಲಿರುವ ಹೈಪರ್‌ಫೊರಿನ್ ಆ ಎಳೆದುಕೊಳ್ಳುವುದನ್ನು ತಡೆಯುತ್ತದೆ. ಡಾಕ್ಟರ್ ಕೊಟ್ಟಿದ್ದ ಮಾತ್ರೆ ಮಾಡುವುದೂ ಹೆಚ್ಚುಕಡಿಮೆ ಇದನ್ನೇ, ದಾರಿ ಬೇರೆ. ಆದರೆ ಸೆರೊಟೋನಿನ್‌ಗೆ ಮನಸ್ಸೊಂದೇ ಮನೆಯಲ್ಲ. ಬೆನ್ನುಹುರಿಯಲ್ಲಿ ಅದು ಸ್ಖಲನಕ್ಕೆ ಕಡಿವಾಣ ಹಾಕುತ್ತದೆ, ಹೆಂಗಸರಲ್ಲೂ ಸುಖದ ತುದಿ ಮುಟ್ಟುವುದನ್ನು ತಡಮಾಡುತ್ತದೆ. ಸೆರೊಟೋನಿನ್ ವಾಪಸ್ ಹೋಗದಂತೆ ತಡೆಯುವ ಇದೇ ಜಾತಿಯ ಡಪಾಕ್ಸೆಟಿನ್ ಅನ್ನುವ ಮಾತ್ರೆಯನ್ನು ಶೀಘ್ರಸ್ಖಲನಕ್ಕೆಂದೇ ಕೊಡುತ್ತಾರೆ. ಒಬ್ಬರ ತೊಂದರೆಯೇ ಇನ್ನೊಬ್ಬರ ಮದ್ದು! ಸೇಂಟ್ ಜಾನ್ಸ್ ವರ್ಟ್ ತೆಗೆದುಕೊಂಡು ಆಸೆ ಕುಗ್ಗಿದವರ, ನಿಮಿರುವಿಕೆ ಕೆಟ್ಟವರ ಬಿಡಿ ಬಿಡಿ ಪ್ರಕರಣಗಳನ್ನು ವೈದ್ಯರು ದಾಖಲಿಸಿದ್ದಾರೆ.

ಮನಸ್ಸಿಗೂ ಹಾಸಿಗೆಗೂ ಇರುವ ಈ ನಂಟನ್ನು ಬಹಳ ಹಿಂದೆಯೇ ತೋರಿಸಿದ್ದು ನಮ್ಮ ಸರ್ಪಗಂಧ. ಅದರ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳು ರೆಸರ್ಪಿನ್ ಬೇರ್ಪಡಿಸಿದರು. ಬಿಪಿ ಇಳಿಸುವುದರಲ್ಲಿ ಎತ್ತಿದ ಕೈ. ಆದರೆ ಅದು ನರಕೋಶಗಳು ಸುದ್ದಿ ಮುಟ್ಟಿಸಲು ಬಳಸುವ ರಾಸಾಯನಿಕಗಳ ಕಣಜವನ್ನೇ ಖಾಲಿ ಮಾಡುತ್ತದೆ. ಸೆರೊಟೋನಿನ್, ಡೋಪಮಿನ್, ನಾರ್‌ಅಡ್ರಿನಲಿನ್ ಮೂರೂ ಬರಿದು. ಕೆಲವರಿಗೆ ಬಿಪಿ ಇಳಿಯಿತು, ಜೊತೆಗೆ ಮನಸ್ಸೂ ಕುಸಿಯಿತು. ಕೆಲವು ಗಂಡಸರಿಗೆ ಪುರುಷತ್ವವೇ ಕೈಕೊಟ್ಟಿತು. ಖಿನ್ನತೆಗೂ ಈ ರಾಸಾಯನಿಕಗಳಿಗೂ ಸಂಬಂಧ ಇರಬೇಕು ಅನ್ನುವ ಯೋಚನೆಗೆ ಬಲ ಬಂದಿದ್ದು ಇಂಥ ರೋಗಿಗಳಿಂದ. ಅದೂ ಸೊಪ್ಪು-ಬೇರೇ, ಅಲ್ವಾ?

ಡಬ್ಬಿಯ ಮೇಲೆ ಬರೆಯದ ಇನ್ನೊಂದು ವಿಷಯ ಇದೆ. ಈ ಗಿಡ ಪಿತ್ತಜನಕಾಂಗದ ಕಿಣ್ವಗಳನ್ನು ಚುರುಕು ಮಾಡುತ್ತದೆ. ಬೇರೆ ಔಷಧಿಗಳು ಬೇಗ ಕರಗಿ ಹೋಗುತ್ತವೆ. ಗರ್ಭನಿರೋಧಕ ಮಾತ್ರೆ ನುಂಗುವ ಹೆಂಗಸರು ಇದನ್ನೂ ಸೇವಿಸಿದರೆ ಮಾತ್ರೆ ಕೆಲಸ ಮಾಡದೆ ಬೇಡದ ಬಸಿರಾಗಬಹುದು. ಖಿನ್ನತೆಯ ಮಾತ್ರೆಯ ಜೊತೆ ತೆಗೆದುಕೊಂಡರೆ ಸೆರೊಟೋನಿನ್ ಮಿತಿ ಮೀರಿ ಜ್ವರ, ನಡುಕ, ಗೊಂದಲ ಬಂದು ಜೀವಕ್ಕೇ ಕುತ್ತಾಗಬಹುದು.

"ಹಂಗಾದ್ರೆ ಇದನ್ನ ಸರಿಮಾಡೋಕೆ ಯಾವ ಬೇರು?" ಅವರ ಮುಂದಿನ ಪ್ರಶ್ನೆ. ಕೇಸರಿಯನ್ನು ಇರಾನಿನಲ್ಲಿ ಪರೀಕ್ಷಿಸಿದ್ದಾರೆ. ಫ್ಲೂಆಕ್ಸೆಟಿನ್ ಅನ್ನುವ ಖಿನ್ನತೆಯ ಮಾತ್ರೆ ನುಂಗಿ ಈ ತೊಂದರೆಯಾದವರಿಗೆ ದಿನಕ್ಕೆ 30 ಮಿಲಿಗ್ರಾಂ, ನಾಲ್ಕು ವಾರ. ಕೊಂಚ ಅನುಕೂಲ ಕಂಡಿತು, ಆದರೆ ಪ್ರಯೋಗ ತೀರಾ ಚಿಕ್ಕದು. 'ಶಕ್ತಿವರ್ಧಕ' ಡಬ್ಬಿಗಳ ಹತ್ತಿರ ಮಾತ್ರ ಸುಳಿಯಲೇಬೇಡಿ ಎಂದೆ. ಅಪ್ಪಟ ಗಿಡಮೂಲಿಕೆ ಅಂತ ಮಾರುವ ಇಂಥವುಗಳಲ್ಲಿ ಗುಟ್ಟಾಗಿ ಸಿಲ್ಡೆನಾಫಿಲ್, ಅಂದರೆ ವಯಾಗ್ರಾದ ಮದ್ದು, ಬೆರೆಸಿರುವುದನ್ನು ಅಮೆರಿಕದ ಔಷಧ ನಿಯಂತ್ರಕರು ಮತ್ತೆ ಮತ್ತೆ ಹಿಡಿದಿದ್ದಾರೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ಇಟ್ಟುಕೊಳ್ಳುವವರಿಗೆ ಅದು ಪ್ರಾಣಾಪಾಯ.

ಡಬ್ಬಿ, ಹಳೇ ಚೀಟಿ ಎರಡನ್ನೂ ಹಿಡಿದುಕೊಂಡು ಮತ್ತೆ ಅದೇ ಡಾಕ್ಟರ್ ಹತ್ತಿರ ಹೋಗಿ ಎಂದು ಕಳಿಸಿದೆ. ವಾರ ಬಿಟ್ಟು ಫೋನ್ ಮಾಡಿದರು. ಬೈತಾರೆ ಅಂದುಕೊಂಡು ಹೋಗಿದ್ದರಂತೆ. ಬೈಯಲಿಲ್ಲ. ಮಾತ್ರೆ ಬದಲಿಸಬಹುದು, ಈ ತೊಂದರೆ ಕಡಿಮೆ ಇರುವವೂ ಇವೆ ಎಂದರಂತೆ. ಆಮೇಲೆ ಚೀಟಿಯನ್ನು ಪಕ್ಕಕ್ಕಿಟ್ಟು ಕೇಳಿದರಂತೆ: "ಶುಗರ್ ಯಾವಾಗ ಚೆಕ್ ಮಾಡಿಸಿದ್ದು?"